ಪರವಶದ ಮೇಳಕ್ಕೆ ನೀರಗಂಟಿ ಯಾರು?



ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ನೀರು. ಸುಮಾರು 330 ಚದರ ಕಿಲೋಮೀಟರ್ ನೆಲದ ಮಳೆಯನ್ನು ಕೂಡಿಸಿಕೊಂಡು, 6,550 ಎಕರೆಯಷ್ಟು ಹರಡಿ ನಿಲ್ಲುವ ನೀರು. ಹರಿದ್ರಾವತಿ ಹಳ್ಳವನ್ನು ಎರಡು ಗುಡ್ಡಗಳ ನಡುವೆ ತಡೆದು ಕಟ್ಟಿದ ಈ ಕೆರೆಯ ಜೊತೆ ಶಾಂತವ್ವನ ಕಥೆಯಿದೆ, ಸಿದ್ಧೇಶ್ವರನ ಕಥೆಯಿದೆ. ತಮ್ಮ ನೆಲ ಬಿಟ್ಟುಕೊಡಲು ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂದು ಕೇಳಿದ ವೇಶ್ಯೆಯರ ಕಥೆಯೂ ಇದೆ. ಏರಿ ಕಟ್ಟಿದವರನ್ನು ಐತಿಹ್ಯ ನೆನೆಯುತ್ತದೆ. ಸಿದ್ಧ ನಾಲೆ, ಬಸವ ನಾಲೆಗಳಿಗೆ ನೀರು ಬಿಡುವ ತೂಬನ್ನು ಹೊತ್ತುಹೊತ್ತಿಗೆ ಎತ್ತಿ ಇಳಿಸಿದ ನೀರಗಂಟಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಏರಿ ಎಷ್ಟು ಗಟ್ಟಿಯಿದ್ದರೂ ತೂಬಿನ ಬಳಿ ಎಚ್ಚರದ ಮನುಷ್ಯನೊಬ್ಬ ಇಲ್ಲದಿದ್ದರೆ ಗದ್ದೆಗೆ ನೀರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಇಂದಿನ ಉಪನ್ಯಾಸದ ವಿಷಯ ಕೆರೆಯಲ್ಲ, ಮನಸ್ಸು. ಮನುಷ್ಯರು ಗುಂಪಾಗಿ ಸೇರಿ, ದಿನನಿತ್ಯದ ಎಚ್ಚರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟು, ಬೇರೊಂದು ಎಚ್ಚರಕ್ಕೆ ಹೋಗಿ ಬರುವ ಮೇಳಗಳು. ಪಶ್ಚಿಮದಲ್ಲಿ ಈಗ ಇವಕ್ಕೆ ಸೈಕೆಡೆಲಿಕ್ ಸಮುದಾಯದ ಕೂಟಗಳೆನ್ನುತ್ತಾರೆ. 2023ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಇಂಥದೊಂದು ಸಮ್ಮೇಳನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ವೈದ್ಯರು, ಮಾಜಿ ಸೈನಿಕರು, ಕಲಾವಿದರು, ಹೂಡಿಕೆದಾರರು ಒಂದೇ ಸೂರಿನಡಿ ಕೂತು ಅಣಬೆ, ಎಲ್‌ಎಸ್‌ಡಿ, ಮನೋರೋಗ, ದೇವರು ಎಲ್ಲವನ್ನೂ ಚರ್ಚಿಸಿದರು. ಇಂಥ ಮೇಳಗಳಲ್ಲಿ ಮನಸ್ಸಿನ ತೂಬನ್ನು ಕಾಯುವವರು ಯಾರು ಎಂಬ ಒಂದು ಪ್ರಶ್ನೆಯನ್ನು ಹಿಡಿದು ಈ ಉಪನ್ಯಾಸ ನಡೆಯಲಿದೆ. ಮೊದಲು ಪದಗಳ ಮಾತು, ಆಮೇಲೆ ಹೊರಗಿನ ಲೋಕದ ಮೂರು ಸಂದರ್ಭಗಳು, ಅನಂತರ ಕನ್ನಡ ನಾಡಿನ ಜಾತ್ರೆಗಳು, ಕೊನೆಗೆ ಕಾನೂನು ಮತ್ತು ಚಿಕಿತ್ಸೆ.

ಸೈಕೆಡೆಲಿಕ್ ಎಂಬ ಪದಕ್ಕೆ ವಯಸ್ಸು ಎಪ್ಪತ್ತು ವರ್ಷ ಮಾತ್ರ. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್ಲಿಗೆ ಬರೆದ ಪತ್ರದಲ್ಲಿ ಇದನ್ನು ಬಳಸಿದರು. ಮನಸ್ಸನ್ನು ಕಾಣಿಸುವಂಥದು ಎಂಬುದು ಅದರ ಗ್ರೀಕ್ ಮೂಲದ ಅರ್ಥ. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ, ಹಲವಿವೆ. ಅಮಲು ಏರುತ್ತದೆ, ಇಳಿಯುತ್ತದೆ. ಗುಂಗು ಹಿಡಿಯುತ್ತದೆ, ಬಿಡುತ್ತದೆ. ದೇವರು ಮೈಮೇಲೆ ಬರುತ್ತದೆ, ಇಳಿದು ಹೋಗುತ್ತದೆ. ಮನುಷ್ಯ ಪರವಶನಾಗುತ್ತಾನೆ, ಅಂದರೆ ಬೇರೊಂದರ ವಶಕ್ಕೆ ಹೋಗುತ್ತಾನೆ. ಏರಿದ್ದು ಇಳಿಯಬೇಕು, ಹಿಡಿದದ್ದು ಬಿಡಬೇಕು, ಬಂದದ್ದು ಹೋಗಬೇಕು ಎಂಬ ನಿರೀಕ್ಷೆ ಈ ಕ್ರಿಯಾಪದಗಳಲ್ಲಿಯೇ ಇದೆ. ಹಾಗೆ ಇಳಿಯದೆ ಉಳಿದದ್ದಕ್ಕೆ ನಾಡಿನ ಮಾತು ಬೇರೆ: ಹುಚ್ಚು.

ಹೊಲದ ಬದುವಿನಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಉಮ್ಮತ್ತಿ ಗಿಡದ ಹೆಸರಿನಲ್ಲೇ ಸಂಸ್ಕೃತದ ಉನ್ಮತ್ತ ಎಂಬ ಶಬ್ದ ಅಡಗಿದೆ. ಶಿವನಿಗೆ ಪ್ರಿಯ ಎಂದು ಏರಿಸುವ ಈ ಗಿಡದ ಬೀಜದಲ್ಲಿ ಅಟ್ರೋಪಿನ್, ಸ್ಕೋಪಲಮೀನ್ ಎಂಬ ವಿಷಗಳಿವೆ. ಗಂಟಲು ಒಣಗಿ, ಕಣ್ಣುಪಾಪೆ ಹಿಗ್ಗಿ, ಎದುರಿಗಿಲ್ಲದವರ ಜೊತೆ ಮಾತಾಡುತ್ತ ಪ್ರಾಣ ಕಳೆದುಕೊಂಡವರುಂಟು. ಹಿರಿಯರು ಅದನ್ನು ದೇವರಿಗೆ ಕೊಟ್ಟರು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಂಡರು. ಆ ವಿವೇಕ ಸಣ್ಣದಲ್ಲ.

ಇನ್ನೊಂದು ಮಾತು ಚನ್ನಗಿರಿಯಲ್ಲಿ ನಿಂತು ಹೇಳದೆ ಇರಲಾಗದು. ಇಲ್ಲಿನ ತೋಟಗಳ ಬದುಕು ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಮನಸ್ಸನ್ನು ಚುರುಕು ಮಾಡುವ ಪದಾರ್ಥವೇ. ಆದರೆ ತಾಂಬೂಲಕ್ಕೆ ತಟ್ಟೆಯಿದೆ, ಕೊಡುವ ಕೈ ಇದೆ, ಊಟ ಮುಗಿದ ಹೊತ್ತಿದೆ, ಮದುವೆ ಮಾತುಕತೆಯ ಸಾಕ್ಷಿ ಎಂಬ ಗೌರವವಿದೆ. ಅದೇ ಅಡಿಕೆ ತಂಬಾಕಿನೊಡನೆ ಬೆರೆತು ಪೊಟ್ಟಣಕ್ಕೆ ಇಳಿದು, ಹುಡುಗನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಹರಿದು ಬಾಯಿಗೆ ಹಾಕಿಕೊಂಡಾಗ ತಟ್ಟೆಯೂ ಇಲ್ಲ, ಕೊಡುವ ಕೈಯೂ ಇಲ್ಲ.

ಪದಗಳ ಮಾತು ಇಷ್ಟು ಸಾಕು. ಈಗ ಹೊರಗಿನ ಲೋಕದ ಮೂರು ಸಂದರ್ಭಗಳನ್ನು ನೋಡೋಣ.

1943ರ ಏಪ್ರಿಲ್ 19. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ತಾವೇ 1938ರಲ್ಲಿ ತಯಾರಿಸಿದ್ದ ಎಲ್‌ಎಸ್‌ಡಿಯನ್ನು ಬೇಕೆಂದೇ ಕುಡಿದರು. ಪ್ರಮಾಣ 250 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಸ್ವಲ್ಪ ಹೊತ್ತಿಗೆ ಲೋಕ ಅಲುಗಾಡತೊಡಗಿತು. ಯುದ್ಧಕಾಲವಾದ್ದರಿಂದ ಕಾರು ಸಿಗುವಂತಿರಲಿಲ್ಲ. ಅವರು ಸೈಕಲ್ ಹತ್ತಿ ಮನೆಗೆ ಹೊರಟರು. ಜಗತ್ತಿನ ಸೈಕೆಡೆಲಿಕ್ ಅಭಿಮಾನಿಗಳು ಇಂದಿಗೂ ಆ ದಿನವನ್ನು ಸೈಕಲ್ ದಿನ ಎಂದು ಆಚರಿಸುತ್ತಾರೆ. ಚಿತ್ರಗಳಲ್ಲಿ ಹಾಫ್‌ಮನ್ ಒಬ್ಬರೇ ಸೈಕಲ್ ತುಳಿಯುತ್ತಿರುತ್ತಾರೆ. ನಿಜದಲ್ಲಿ ಅವರ ಜೊತೆಜೊತೆಗೆ ಇನ್ನೊಂದು ಸೈಕಲ್ ಇತ್ತು. ಅದರ ಮೇಲಿದ್ದವರು ಅವರ ಸಹಾಯಕಿ ಸೂಸಿ ರಾಮ್‌ಸ್ಟೈನ್ ಎಂಬ ಎಳೆಯ ಹೆಣ್ಣುಮಗಳು. ಮನೆ ತಲುಪಿದ ಮೇಲೆ ವೈದ್ಯರು ಬಂದರು. ಕಣ್ಣುಪಾಪೆ ಹಿಗ್ಗಿರುವುದು ಬಿಟ್ಟರೆ ದೇಹಕ್ಕೇನೂ ಆಗಿಲ್ಲವೆಂದರು. ನೆರೆಮನೆಯ ಹೆಂಗಸು ಹಾಲು ತಂದುಕೊಟ್ಟರು. ಆ ಹೆಂಗಸು ಹಾಫ್‌ಮನ್‌ರ ಕಣ್ಣಿಗೆ ಮಾಟಗಾತಿಯಂತೆ ಕಂಡರಂತೆ. ಕಂಡದ್ದು ಹೇಗೇ ಇರಲಿ, ಹಾಲು ಹಾಲೇ ಆಗಿತ್ತು. ಬೇಕೆಂದೇ ಕೈಗೊಂಡ ಎಲ್‌ಎಸ್‌ಡಿಯ ಮೊದಲ ಪಯಣ ದುರಂತವಾಗದೆ ಮುಗಿದದ್ದರಲ್ಲಿ ಈ ಮೂವರ ಪಾಲು ದೊಡ್ಡದು. ಇತಿಹಾಸ ಒಬ್ಬರ ಹೆಸರನ್ನು ಮಾತ್ರ ಹೊತ್ತು ನಡೆಯಿತು.

ಎರಡನೆಯದು ಮೆಕ್ಸಿಕೋದ ಓಆಹಾಕಾ ಬೆಟ್ಟಗಳ ಊರು, ಹುವಾಟ್ಲ. ಅಲ್ಲಿ ಮಾಸಾಟೆಕ್ ಬುಡಕಟ್ಟಿನ ಮರಿಯಾ ಸಬೀನಾ ಎಂಬ ತಾಯಿ ರೋಗಿಗಳಿಗಾಗಿ ರಾತ್ರಿಯಿಡೀ ಜಾಗರಣೆ ಕೂರುತ್ತಿದ್ದಳು. ಅಣಬೆ ತಿನ್ನುತ್ತಿದ್ದದ್ದು ರೋಗದ ಕಾರಣ ತಿಳಿಯಲು. ಹಾಡು, ಮಂತ್ರ, ಮೇಣದ ಬತ್ತಿ, ಕತ್ತಲೆ ಎಲ್ಲಕ್ಕೂ ಕ್ರಮವಿತ್ತು. 1955ರ ಜೂನ್ 29ರ ರಾತ್ರಿ ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್ ಆ ಜಾಗರಣೆಯಲ್ಲಿ ಕೂತರು. ಮಗನ ಯೋಗಕ್ಷೇಮ ತಿಳಿಯಬೇಕಿದೆ ಎಂಬ ನೆಪ ಹೇಳಿ ಒಳಗೆ ಬಂದಿದ್ದರು. 1957ರ ಮೇ 13ರ ಲೈಫ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಮುಂದಿನ ವರ್ಷಗಳಲ್ಲಿ ಹೊರಗಿನ ಯುವಕರು ಹಿಂಡುಹಿಂಡಾಗಿ ಆ ಬೆಟ್ಟ ಹತ್ತಿದರು. ಅವರಲ್ಲಿ ರೋಗಿಗಳಿರಲಿಲ್ಲ, ದೇವರನ್ನು ಕಾಣಬೇಕೆಂದು ಬಂದವರಿದ್ದರು, ಬರೀ ಮೋಜಿಗೆ ಬಂದವರೂ ಇದ್ದರು. ಪೊಲೀಸರು ಬಂದರು. ಊರವರು ಸಬೀನಾಳನ್ನೇ ದೂರಿದರು, ಅವಳ ಮನೆ ಸುಟ್ಟುಹೋಯಿತು. ಒಂದು ಊರಿನ ನೀರಗಂಟಿಯಾಗಿದ್ದವಳ ಮುಂದೆ ಇಡೀ ಲೋಕದ ಪ್ರವಾಹವನ್ನು ತಂದು ನಿಲ್ಲಿಸಿದರೆ ಇನ್ನೇನಾದೀತು? ವಾಸನ್ ಆಮೇಲೆ ತಮ್ಮ ಪಾಲಿನ ಹೊಣೆಯನ್ನು ಬರೆದು ಒಪ್ಪಿಕೊಂಡರು. ಕಳೆದುಹೋದದ್ದು ಹಿಂದಿರುಗಲಿಲ್ಲ.

ಮೂರನೆಯದು ಎಲ್ಲರೂ ಕೇಳಿರುವ ವುಡ್‌ಸ್ಟಾಕ್. 1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹಸುಗಳ ಫಾರ್ಮೊಂದರಲ್ಲಿ ನಾಲ್ಕು ಲಕ್ಷದಷ್ಟು ಜನ ಮಳೆ, ಕೆಸರು, ಸಂಗೀತದ ನಡುವೆ ಸೇರಿದ್ದರು. ಎಲ್‌ಎಸ್‌ಡಿ ತಿಂದು ಭಯ ಬಿದ್ದವರಿಗೆ ವೈದ್ಯರು ಮೊದಲು ಸೂಜಿ ಚುಚ್ಚಿ ಮಲಗಿಸುತ್ತಿದ್ದರು. ಹಾಗ್ ಫಾರ್ಮ್ ಎಂಬ ಸಹಜೀವನ ತಂಡದವರು ಬೇರೆ ದಾರಿ ಹಿಡಿದರು. ಡೇರೆಯೊಂದರಲ್ಲಿ ಭಯಪಟ್ಟವನ ಕೈ ಹಿಡಿದು ಕೂತು, ನಿನ್ನ ಹೆಸರೇನು ಎಂದು ಕೇಳಿ, ಇದು ಇಳಿಯುತ್ತದೆ ಎಂದು ಹೇಳುತ್ತಿದ್ದರು. ಅವನು ಚೇತರಿಸಿಕೊಂಡ ಮೇಲೆ ಬಾಗಿಲಿಂದ ಬರುತ್ತಿದ್ದ ಮುಂದಿನವನನ್ನು ತೋರಿಸಿ, ಮೂರು ತಾಸಿನ ಹಿಂದೆ ನೀನು ಹೀಗೇ ಇದ್ದೆ, ಈಗ ಅವನನ್ನು ನೀನು ನೋಡಿಕೋ ಎನ್ನುತ್ತಿದ್ದರು. ಇಂದು ಪೋರ್ಚುಗಲ್ಲಿನ ಬೂಮ್ ಉತ್ಸವದಲ್ಲಿ, ಅಮೆರಿಕದ ಬರ್ನಿಂಗ್ ಮ್ಯಾನ್ ಮೇಳದಲ್ಲಿ ನಡೆಯುವ ಆರೈಕೆ ಡೇರೆಗಳು ಇದೇ ಜಾಡಿನವು. ಅಷ್ಟು ದೊಡ್ಡ ಗದ್ದಲದಲ್ಲಿ ಈ ಡೇರೆಗೆ ಸಿಕ್ಕ ಪ್ರಚಾರ ಕಡಿಮೆ. ಆದರೆ ವುಡ್‌ಸ್ಟಾಕ್‌ನಿಂದ ಜಗತ್ತು ಕಲಿಯಬೇಕಾದ ಪಾಠ ಗಿಟಾರಿನದಲ್ಲ, ಈ ಡೇರೆಯದು ಎಂಬುದು ಈ ಉಪನ್ಯಾಸಕಾರನ ದೃಢ ಅಭಿಪ್ರಾಯ.

ಸಭಿಕರೇ, ಇನ್ನು ನಾಡಿಗೆ ಮರಳೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಭರತ ಹುಣ್ಣಿಮೆಯ ಹೊತ್ತಿಗೆ ಈ ಸೀಮೆಯಿಂದಲೂ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗುವವರಿದ್ದಾರೆ. ಡೆಂಕಣ ಮರಡಿಯಲ್ಲಿ ಲಕ್ಷಾಂತರ ಜನ. ಭಂಡಾರದ ಹಳದಿ ಗಾಳಿಯಲ್ಲೆಲ್ಲ ಹಾರುತ್ತದೆ, ಏಳುಕೋಟಿಯ ಘೋಷ ನಿಲ್ಲುವುದಿಲ್ಲ, ಕಂಬಳಿ ಹೊದ್ದ ಗೊರವರ ಡಮರುಗ ನಿಲ್ಲುವುದಿಲ್ಲ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ನಿಲ್ಲಿಸಿದ ದೊಡ್ಡ ಬಿಲ್ಲನ್ನು ಏರುತ್ತಾನೆ. ತುದಿ ಮುಟ್ಟಿ ಸದ್ದಲೇ ಎಂದು ಕೂಗುತ್ತಾನೆ. ಅಷ್ಟು ಜನಸಾಗರ ಒಂದೇ ಉಸಿರಿಗೆ ಮೌನವಾಗುತ್ತದೆ. ಮರುಕ್ಷಣ ವರ್ಷದ ಭವಿಷ್ಯವೆನ್ನಲಾಗುವ ಒಂದು ಸಾಲಿನ ಕಾರ್ಣಿಕ ಅವನ ಬಾಯಿಂದ ಬರುತ್ತದೆ, ಅವನು ಮೇಲಿನಿಂದ ಬೀಳುತ್ತಾನೆ.

ಪತ್ರಿಕೆಗಳು ಮರುದಿನ ಆ ಸಾಲನ್ನು ಅಚ್ಚು ಹಾಕುತ್ತವೆ. ಮಳೆಗೋ ರಾಜಕೀಯಕ್ಕೋ ಅದನ್ನು ಹೊಂದಿಸಿ ಅರ್ಥ ಬಿಡಿಸುತ್ತವೆ. ಕೆಳಗೆ ಕೈ ಚಾಚಿ ನಿಂತವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಬಿಲ್ಲನ್ನು ಅಲುಗದಂತೆ ಹಿಡಿದವರು ಅವರು, ಬೀಳುವ ದೇಹವನ್ನು ನೆಲ ಮುಟ್ಟದಂತೆ ಹಿಡಿದುಕೊಳ್ಳುವವರೂ ಅವರೇ. ಆ ಕೈಗಳಿರದಿದ್ದರೆ ಯಾವ ಗೊರವಯ್ಯ ಬಿಲ್ಲೇರಿಯಾನು? ಇಲ್ಲಿ ಪದಾರ್ಥದ ಸೋಂಕೂ ಇಲ್ಲದೆ ಉಪವಾಸ, ಘೋಷ, ಹರಕೆ, ಜನಸ್ತೋಮ ಇಷ್ಟೇ ಸೇರಿ ಒಬ್ಬ ಮನುಷ್ಯನನ್ನು ಬೇರೊಂದು ಎಚ್ಚರಕ್ಕೆ ಒಯ್ಯುತ್ತವೆ.

ಇದೇ ಕ್ರಮ ಚಿಕ್ಕ ಪ್ರಮಾಣದಲ್ಲಿ ಹಳ್ಳಿಹಳ್ಳಿಯಲ್ಲಿದೆ. ಅಮ್ಮನ ಹಬ್ಬದಲ್ಲಿ ಯಾರದೋ ಮೈಮೇಲೆ ದೇವರು ಬಂದರೆ ಇಬ್ಬರು ರಟ್ಟೆ ಹಿಡಿಯುತ್ತಾರೆ, ಒಬ್ಬರು ನೀರು ಚಿಮುಕಿಸುತ್ತಾರೆ, ಲಿಂಬೆಹಣ್ಣು ಕೈಗೆ ಬರುತ್ತದೆ, ಯಾರೋ ಹಿರಿಯರು ಸಾಕು ತಾಯಿ ಸಾಕು, ಇನ್ನು ಇಳಿ ಎನ್ನುತ್ತಾರೆ. ವೀರಭದ್ರನ ಪುರವಂತರು ಒಡಪು ಹೇಳುತ್ತ ಆವೇಶದಲ್ಲಿ ಶಸ್ತ್ರ ಹಾಕಿಸಿಕೊಳ್ಳುವಾಗಲೂ, ಎಲ್ಲಿ ಚುಚ್ಚಬೇಕು ಎಲ್ಲಿ ಚುಚ್ಚಬಾರದು ಎಂದು ಬಲ್ಲ ಕೈಯೊಂದು ಇದ್ದೇ ಇರುತ್ತದೆ. ಆವೇಶ ಬಂದವರು ಒಬ್ಬರು, ಅವರನ್ನು ಸುತ್ತುವರಿದು ಎಚ್ಚರವಿರುವವರು ಹಲವರು. ಈ ಲೆಕ್ಕ ತಪ್ಪಿದ ಜಾತ್ರೆ ಜಾತ್ರೆಯಾಗಿ ಉಳಿಯುವುದಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಇನ್ನೊಂದು ಬಗೆಯ ಉದಾಹರಣೆ. ಬಂಜಾರರು ಭಾಯಾಗಡ ಎಂದು ಕರೆಯುವ ಈ ಊರು ಸಂತ ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎಂದು ಸಮುದಾಯ ನಂಬುತ್ತದೆ. ಪ್ರತಿ ಫೆಬ್ರುವರಿಯಲ್ಲಿ ಕರ್ನಾಟಕದ ತಾಂಡಾಗಳಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಮಾಲೆ ಧರಿಸಿದವರು ಬರುತ್ತಾರೆ, ಎಷ್ಟೋ ಜನ ಕಾಲ್ನಡಿಗೆಯಲ್ಲಿ. ಮಾಲೆ ಹಾಕಿದ ಮೇಲೆ ಹೆಂಡ ಮುಟ್ಟುವಂತಿಲ್ಲ. ಭೋಗ ಎಂಬ ಹವನದ ಬೆಂಕಿಗೆ ತುಪ್ಪ ಬೀಳುತ್ತದೆ, ನಗಾರಿಯ ಜೊತೆ ಭಜನೆ ರಾತ್ರಿ ಪೂರ್ತಿ ಸಾಗುತ್ತದೆ. ಅಮಲನ್ನು ಬಿಡುವುದೇ ಇಲ್ಲಿ ಮೇಳದ ಬಾಗಿಲು. ಕುಡಿತದಿಂದ ನಲುಗಿದ ಮನೆಗಳ ಹೆಣ್ಣುಮಕ್ಕಳು ಈ ಮಾಲೆಯ ದಿನಗಳನ್ನು ಎಷ್ಟು ಆಸೆಯಿಂದ ಕಾಯುತ್ತಾರೆ ಎಂಬುದನ್ನು ತಾಂಡಾಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಪದಾರ್ಥವೇ ಪ್ರಸಾದವಾದ ಮೇಳಕ್ಕೆ ಬರೋಣ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ನದಿಯ ದಡದ ತಿಂಥಣಿ ಮೌನೇಶ್ವರನ ಊರು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ, ವಚನ ಬರೆದ ಸಂತ ಅವನು. ಜನ ಪ್ರೀತಿಯಿಂದ ಮೋನಪ್ಪ ಎನ್ನುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಡ್ರಗ್ಸ್ ಪ್ರಕರಣ ಸುದ್ದಿಯಾಗಿದ್ದಾಗ, ಆ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾದ ಸಣ್ಣ ಪೊಟ್ಟಣ ಪ್ರಸಾದವಾಗಿ ಸಿಗುತ್ತದೆಂದು ಪತ್ರಿಕೆಗಳು ಬರೆದವು. ಉತ್ತರ ಕರ್ನಾಟಕದ ಶರಣ, ಅವಧೂತ, ಆರೂಢ ಪಂಥಗಳ ಕೆಲವರು ಅದನ್ನು ಧ್ಯಾನಕ್ಕೆ ನೆರವೆಂದು ಬಳಸುತ್ತಾರೆಂಬ ವಿವರವೂ ಇತ್ತು. ಇದನ್ನು ಇಲ್ಲಿ ಹೇಳುವುದು ಸಮರ್ಥನೆಗಲ್ಲ, ಗಾಂಜಾ ಕಾನೂನಿಗೆ ವಿರುದ್ಧವೇ. ಆದರೆ ಆ ಬಳಕೆಗೆ ವರ್ಷದಲ್ಲಿ ಒಂದು ಹೊತ್ತಿತ್ತು, ಒಂದು ಗದ್ದುಗೆಯಿತ್ತು, ಮುಂದೆ ಕೂತ ಹಿರಿಯರೊಬ್ಬರಿದ್ದರು ಎಂಬುದನ್ನು ಗಮನಿಸಬೇಕು.

ಇದರ ಪಕ್ಕದಲ್ಲಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯನ್ನು ಇಟ್ಟು ನೋಡಬಹುದು. ತುಂಗಭದ್ರೆಯ ನಡುಗಡ್ಡೆಯಲ್ಲಿ ದೇಶವಿದೇಶಗಳ ಯುವಕರು ವಾರಗಟ್ಟಲೆ ತಂಗುತ್ತಿದ್ದರು, ಸಂಗೀತವಿತ್ತು, ಹೊಗೆಯಿತ್ತು. ಅವರಲ್ಲಿ ನಿಜವಾಗಿ ಏನನ್ನೋ ಹುಡುಕಿ ಬಂದವರೂ ಇದ್ದಿರಬೇಕು. ಆದರೆ ಆ ಮೇಳಕ್ಕೆ ಶುರುವೂ ಇರಲಿಲ್ಲ ಮುಗಿತಾಯವೂ ಇರಲಿಲ್ಲ. ಬಂದವನು ಯಾರ ಮಗ ಎಂದು ಕೇಳುವವರಿರಲಿಲ್ಲ, ಬಾಡಿಗೆ ಕೇಳುವವರಿದ್ದರು. ಪಾರಂಪರಿಕ ತಾಣದ ನಿಯಮ ಮೀರಿದ ಕಟ್ಟಡಗಳ ವಿಚಾರದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ರೆಸಾರ್ಟ್‌ಗಳು ನೆಲಸಮವಾದವು.

ಕನ್ನಡದವರು ಮರೆಯಬಾರದ ಇನ್ನೊಂದು ಕೂಟವಿದೆ. ಇಂದಿನ ಸೈಕೆಡೆಲಿಕ್ ಸಮುದಾಯಗಳಲ್ಲಿ ಕಂಡದ್ದನ್ನು ಸುತ್ತ ಕೂತು ಹೇಳಿಕೊಳ್ಳುವ ವೃತ್ತಗಳು ಮುಖ್ಯವಾಗಿವೆ. ಅಲ್ಲಿ ಯಾರೂ ಏನನ್ನೂ ಸೇವಿಸುವುದಿಲ್ಲ, ಮಾತಾಡುತ್ತಾರೆ. ಅನುಭವವನ್ನು ಸಭೆಯ ನಡುವೆ ಮಾತಿಗೆ ಒಡ್ಡುವ ಈ ಪದ್ಧತಿಯ ಅತ್ಯಂತ ಕಠಿಣ ರೂಪವನ್ನು ಶೂನ್ಯಸಂಪಾದನೆ ಕಲ್ಯಾಣದ ಅನುಭವ ಮಂಟಪದಲ್ಲಿ ಚಿತ್ರಿಸಿದೆ. ನ್ಯಾಮತಿ, ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲೇ ಬಳ್ಳಿಗಾವಿಯೂ ಇದೆ, ಉಡುತಡಿಯೂ ಇದೆ. ಅಲ್ಲಿಂದ ಹೊರಟ ಅಲ್ಲಮ ಮತ್ತು ಅಕ್ಕ ಆ ಮಂಟಪದಲ್ಲಿ ಎದುರುಬದುರಾಗುತ್ತಾರೆ. ಅಕ್ಕನ ಅನುಭಾವಕ್ಕೆ ಅಲ್ಲಮ ಕೂಡಲೇ ಕೈ ಮುಗಿಯುವುದಿಲ್ಲ. ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟ ಮೇಲೆಯೇ ಸಭೆ ಒಪ್ಪುತ್ತದೆ. ಕಂಡದ್ದೆಲ್ಲ ನಿಜ ಎಂದು ಬೆನ್ನು ತಟ್ಟುವ ಕೂಟಕ್ಕಿಂತ ಇದು ಎಷ್ಟೋ ಮೇಲು. ಪಕ್ಕದಲ್ಲಿ ಕೂರುವವನು ಬರೀ ಕೈ ಹಿಡಿದರೆ ಸಾಲದು, ಕೇಳಬೇಕಾದ್ದನ್ನು ಕೇಳಬೇಕು.

ಈಗ ಕೊನೆಯ ಭಾಗಕ್ಕೆ, ಕಾನೂನು ಮತ್ತು ಚಿಕಿತ್ಸೆಗೆ ಬರೋಣ.

1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ತುದಿ ಎನ್ನುತ್ತದೆ, ಬರೀ ಎಲೆಯನ್ನೂ ಬೀಜವನ್ನೂ ಹೊರಗಿಡುತ್ತದೆ. ಈ ಕಾರಣದಿಂದಲೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಎಲೆಯಿಂದ ಮಾಡುವ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿತು. ಎಲ್‌ಎಸ್‌ಡಿಯ ವಿಷಯದಲ್ಲಿ ಕಾಯ್ದೆ ಬಹಳ ಬಿಗಿ. 0.002 ಗ್ರಾಂವರೆಗೆ ಅಲ್ಪ ಪ್ರಮಾಣ, 0.1 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ ಹತ್ತು ವರ್ಷ ಸೆರೆ. ಅಂಚೆಚೀಟಿಗಿಂತ ಚಿಕ್ಕ ಕಾಗದದ ತುಂಡು ಒಬ್ಬ ವಿದ್ಯಾರ್ಥಿಯ ಓದು, ಉದ್ಯೋಗ, ಮನೆಯ ಮರ್ಯಾದೆ ಎಲ್ಲವನ್ನೂ ನುಂಗಬಲ್ಲದು. ಇಲ್ಲಿರುವ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ಇದೇ ಕಾಯ್ದೆಯ 64ಎ ಕಲಮನ್ನೂ ತಿಳಿದಿರಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆ ಸಿಗುತ್ತದೆ. ಠಾಣೆಯ ಭಯಕ್ಕೆ ಮಗನನ್ನು ಕೋಣೆಯಲ್ಲಿ ಬಚ್ಚಿಟ್ಟುಕೊಂಡ ತಂದೆತಾಯಿಗಳಿಗೆ ಈ ಕಲಮಿನ ಮಾತನ್ನು ಯಾರಾದರೂ ಮುಟ್ಟಿಸಬೇಕಾಗಿದೆ.

ವಿಜ್ಞಾನ ಸುಮ್ಮನೆ ಕೂತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಮಂದಿಗೆ ಅಣಬೆಯ ಸಾರವಾದ ಸೈಲೋಸಿಬಿನ್ ಕೊಟ್ಟಿದ್ದರು. ಆಸ್ಪತ್ರೆಯ ವಾರ್ಡಿನಲ್ಲಲ್ಲ, ಮನೆಯ ಪಡಸಾಲೆಯಂತೆ ಸಜ್ಜು ಮಾಡಿದ ಕೋಣೆಯಲ್ಲಿ. ಮೊದಲೇ ಪರಿಚಯವಾದ ಮಾರ್ಗದರ್ಶಕರು ಇಡೀ ದಿನ ಪಕ್ಕದಲ್ಲಿದ್ದರು. ಹಲವರು ಅದನ್ನು ಬದುಕಿನ ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲೊಂದು ಎಂದರು. ಇಂಥ ಪ್ರಯೋಗಗಳಿಗೆ ತೀವ್ರ ಮನೋರೋಗದ ಕೌಟುಂಬಿಕ ಹಿನ್ನೆಲೆಯಿರುವವರನ್ನು ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಅಂಥವರಲ್ಲಿ ಏರಿದ್ದು ಇಳಿಯದೆ ಉಳಿಯುವ ಅಪಾಯವಿದೆ. ಹದಿವಯಸ್ಸಿನಲ್ಲಿ ನಿತ್ಯ ಗಾಂಜಾ ಸೇದುವವರಿಗೂ ಆ ಅಪಾಯ ಹೆಚ್ಚು.

ಪಕ್ಕದಲ್ಲಿ ಕೂತವನೇ ಕೆಟ್ಟರೆ? ಕೆನಡಾದಲ್ಲಿ ಎಂಡಿಎಂಎ ಎಂಬ ಪದಾರ್ಥವನ್ನು ಬಳಸಿ ನಡೆದ ಚಿಕಿತ್ಸಾ ಪ್ರಯೋಗವೊಂದರಲ್ಲಿ ಚಿಕಿತ್ಸಕರೇ ಅಮಲಿನಲ್ಲಿದ್ದ ರೋಗಿಯೊಡನೆ ಮೇರೆ ಮೀರಿ ವರ್ತಿಸಿದ್ದು ಆಮೇಲೆ ಬಯಲಾಯಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ಕೊಡಲಿಲ್ಲ. ಭಕ್ತಿಯ ಹೆಸರಿನಲ್ಲಿ ಇಂಥದೇ ಅನ್ಯಾಯ ಅನುಭವಿಸಿದವರು ಇಲ್ಲಿಯೂ ಇದ್ದಾರೆ. ಹಾಗಾಗಿ ಪರವಶನಾದವನ ಬಳಿ ಒಬ್ಬರೇ ಇರಬಾರದು, ಹಲವರಿರಬೇಕು, ಬಾಗಿಲು ತೆರೆದಿರಬೇಕು. ಜಾತ್ರೆಯ ಬಯಲು ಈ ಎಚ್ಚರವನ್ನು ತಾನಾಗಿಯೇ ಕೊಡುತ್ತಿತ್ತು, ಮುಚ್ಚಿದ ಕೋಣೆ ಕೊಡುವುದಿಲ್ಲ.

ಬಂಧುಗಳೇ, ಇಂದು ಊರುಗಳಲ್ಲಿ ಪದಾರ್ಥ ಬಂದಿದೆ, ಮೇಳ ಹೋಗಿದೆ. ಹುಡುಗರು ಕೆರೆಯ ಹಿನ್ನೀರಿನಲ್ಲೋ ಪಾಳುಬಿದ್ದ ಪಂಪ್‌ಹೌಸಿನಲ್ಲೋ ಮೂರು ನಾಲ್ಕು ಮಂದಿ ಸೇದುತ್ತ ಕೂರುತ್ತಾರೆ, ಅವರಲ್ಲಿ ಎಚ್ಚರವಿರುವವನು ಒಬ್ಬನೂ ಇರುವುದಿಲ್ಲ. ಅವರನ್ನು ಬೈದು ಅಟ್ಟಿದರೆ ಇನ್ನೂ ದೂರದ ಕತ್ತಲೆಗೆ ಹೋಗುತ್ತಾರೆ. ಈ ಸಭೆಯಲ್ಲಿರುವ ಪ್ರತಿಯೊಬ್ಬ ಅಧ್ಯಾಪಕರಲ್ಲಿ, ಪ್ರತಿ ಮಠದ ಹಿರಿಯರಲ್ಲಿ, ಪ್ರತಿ ತಾಂಡಾದ ನಾಯಕರಲ್ಲಿ ವಿನಂತಿ ಇಷ್ಟೆ. ನಿಮ್ಮ ಊರಿನಲ್ಲಿ ಒಬ್ಬ ಹುಡುಗ ಹೆದರಿ ನಡುಗುತ್ತಿದ್ದಾನೆಂದು ಕೇಳಿದರೆ, ಮೊದಲು ಹೋಗಿ ಅವನ ಪಕ್ಕದಲ್ಲಿ ಕೂರಿ. ಹೆಸರು ಹಿಡಿದು ಕರೆಯಿರಿ. ಪ್ರಜ್ಞೆ ತಪ್ಪುತ್ತಿದ್ದರೆ, ಉಮ್ಮತ್ತಿ ತಿಂದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತಿಗೆ ನೆರವು ಬೇಕಾದರೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿ ಮಾತಾಡುವವರು ಅಲ್ಲಿ ಸಿಗುತ್ತಾರೆ.